ನಾಣ್ಯದ ಮಾತು: ಎರಡು ‘ಸಿ’ಗಳ ಚಿನ್ನ

ಹೋದ ಸಂಚಿಕೆಯಲ್ಲಿ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಸ್ಯಾಕ್ರಮೆಂಟೋದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನೆವಾಡಾದ ಕಾರ್ಸನ್ ಸಿಟಿಯ ಹಳೇ ಟಂಕಸಾಲೆ ನೋಡಿಬಂದೆ, ಅಲ್ಲಿನ ಚಿನ್ನದ ನಾಣ್ಯಕ್ಕೆ ಈಗ ಭಾರೀ ಬೇಡಿಕೆ ಅಂತ. ವರಾಹ, ಹಣ, ಟಿಪ್ಪು ಕಾಲದ ಆನೆ ಕಾಸು ಅಂತ ಎರಡು ವರ್ಷ ಬರೆದಾಗಲೂ ಬಾರದಷ್ಟು ಪತ್ರ ಆ ನಾಲ್ಕು ಸಾಲಿಗೆ ಬಂದಿವೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇರಲಿ, ಈ ಸಲದ ಜಾಗವೆಲ್ಲ ಅದಕ್ಕೇ.

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ): ಸರ್, ಇಲ್ಲೊಂದು ನಾಣ್ಯ ಮೇಳದಲ್ಲಿ 1876ರ ಇಪ್ಪತ್ತು ಡಾಲರಿನ ಎರಡು ಚಿನ್ನದ ನಾಣ್ಯ ಅಕ್ಕಪಕ್ಕ ಇಟ್ಟಿದ್ದರು. ಅದೇ ತೂಕ, ಅದೇ ಚಿತ್ರ. ಒಂದರ ಹಿಂಬದಿ ‘ಎಸ್’, ಇನ್ನೊಂದರಲ್ಲಿ ‘ಸಿಸಿ’. ಸಿಸಿ ಇದ್ದದ್ದೇ ದುಬಾರಿ, ಅದೂ ಹೆಚ್ಚು ಸವೆದದ್ದು! ನನ್ನ ಹೆಂಡತಿ ಅಂಗಡಿಯವನ ಎದುರೇ ನಕ್ಕುಬಿಟ್ಟಳು. ಇದರ ಲೆಕ್ಕಾಚಾರ ಏನು?

ಉತ್ತರ: ನಿಮ್ಮ ಮನೆಯವರು ನಕ್ಕದ್ದು ನ್ಯಾಯವೇ. ಮೂವತ್ತೊಂದು ವರ್ಷದ ಬ್ಯಾಂಕ್ ನೌಕರಿಯಲ್ಲಿ ನಾನು ಹನ್ನೊಂದು ವರ್ಷ ಬಂಗಾರದ ಸಾಲದ ಕೌಂಟರಿನಲ್ಲಿ ಕೂತವನು. ಅಲ್ಲಿ ನಮ್ಮ ಸರಾಫರು ತಕ್ಕಡಿಗೆ ಹಾಕಿ, ಒರೆಗಲ್ಲಿಗೆ ತಿಕ್ಕಿ, ಒಂದು ಅಂಕಿ ಹೇಳಿದರೆ ಮಾತು ಮುಗಿಯಿತು. ಹೊಯ್ಸಳರ ಗದ್ಯಾಣವಾದರೂ ಸರಿ, ಹೋದ ವಾರ ಮಾಡಿಸಿದ ಉಂಗುರವಾದರೂ ಸರಿ, ಗ್ರಾಂ ಗ್ರಾಮೇ. ತಕ್ಕಡಿಯ ಮುಂದೆ ನೀವು ನೋಡಿದ ಎರಡು ನಾಣ್ಯಗಳೂ ಸಮ: ತಲಾ 33.436 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಚಿನ್ನ, ಮಿಕ್ಕಿದ್ದು ಮುಖ್ಯವಾಗಿ ತಾಮ್ರ.

‘ಎಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ, ‘ಸಿಸಿ’ ಅಂದರೆ ಕಾರ್ಸನ್ ಸಿಟಿ, ಅಚ್ಚಾದ ಟಂಕಸಾಲೆಯ ಗುರುತು. ವ್ಯತ್ಯಾಸ ಇರುವುದು ಎಷ್ಟು ಅಚ್ಚಾದವು ಅನ್ನುವುದರಲ್ಲಿ. ಆ 1876ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಂಕಸಾಲೆ ಇಪ್ಪತ್ತು ಡಾಲರಿನ ನಾಣ್ಯಗಳನ್ನು 15,97,000 ಹೊಡೆದರೆ, ಕಾರ್ಸನ್ ಸಿಟಿ ಹೊಡೆದದ್ದು 1,38,441. ಅದು ಕಾರ್ಸನ್ ಸಿಟಿಯ ಪಾಲಿಗೆ ಬಂಪರ್ ಬೆಳೆಯ ವರ್ಷ! ಮಿಕ್ಕ ಎಷ್ಟೋ ವರ್ಷ ಅಲ್ಲಿ ಹತ್ತಿಪ್ಪತ್ತು ಸಾವಿರ ದಾಟಿದ್ದೇ ಇಲ್ಲ.

ಯಾಕೆ ಇಷ್ಟು ಕಡಿಮೆ ಅಂದರೆ, ಆ ಟಂಕಸಾಲೆಯ ಹಣೆಬರಹವೇ ಹಾಗಿತ್ತು. 1859ರಲ್ಲಿ ನೆವಾಡಾದ ಗುಡ್ಡಗಳಲ್ಲಿ ಕಾಮ್‌ಸ್ಟಾಕ್ ಅದಿರು ಸಿಕ್ಕಿತು. ಬೆಳ್ಳಿಗೆ ಹೆಸರಾದ ಗಣಿ, ಆದರೆ ಅದೇ ಅದಿರಿನಲ್ಲಿ ಚಿನ್ನವೂ ಧಾರಾಳ ಇತ್ತು. ವರ್ಜೀನಿಯಾ ಸಿಟಿ ಅನ್ನುವ ಊರೇ ಅದರ ಮೇಲೆ ಎದ್ದಿತು. ಲೋಹವನ್ನು ಸಿಯೆರಾ ಪರ್ವತ ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೋಗೆ ಸಾಗಿಸಬೇಕು. ಗಾಡಿ ಖರ್ಚು, ಹಿಮ, ದಾರಿಗಳ್ಳರು. ನಮ್ಮಲ್ಲೇ ಒಂದು ಟಂಕಸಾಲೆ ಕೊಡಿ ಅಂತ ಅಲ್ಲಿನವರು ಬೇಡಿದರು; ಅಮೆರಿಕದ ಕಾಂಗ್ರೆಸ್ 1863ರಲ್ಲಿ ಒಪ್ಪಿತು. ಆದರೆ ಆಗ ಅಂತರ್ಯುದ್ಧ. ಕಟ್ಟಡ ಎದ್ದು, ಯಂತ್ರ ಬಂದು, ಮೊದಲ ನಾಣ್ಯ ಬೀಳುವಾಗ 1870ರ ಫೆಬ್ರುವರಿ. ಅಷ್ಟರಲ್ಲಿ ದೇಶದ ಪೂರ್ವ ಪಶ್ಚಿಮ ಜೋಡಿಸುವ ರೈಲು 1869ರಲ್ಲೇ ಓಡತೊಡಗಿತ್ತು. ಊರಿಗೆ ಬಸ್ಸು ಬಂದ ಮೇಲೆ ಕುದುರೆ ಲಾಯ ಕಟ್ಟಿದ ಹಾಗಾಯಿತು. ಗಣಿ ನಡೆಸುವ ಧಣಿಗಳ ಬ್ಯಾಂಕು, ವ್ಯವಹಾರ ಎಲ್ಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅವರು ಗಟ್ಟಿಗಳನ್ನು ಅಲ್ಲಿಗೇ ಕಳಿಸಿದರು. ಮನೆ ಬಾಗಿಲಲ್ಲಿದ್ದ ಟಂಕಸಾಲೆ ಎಷ್ಟೋ ಸಲ ಲೋಹವಿಲ್ಲದೆ ಕೈಕಟ್ಟಿ ಕೂತಿತು. 1885ರಲ್ಲಿ ಸರ್ಕಾರ ಬದಲಾಯಿತು, ನಾಣ್ಯದ ಕೆಲಸ ನಿಂತಿತು. 1889ರಲ್ಲಿ ಮತ್ತೆ ಬದಲಾಯಿತು, ಮತ್ತೆ ಶುರುವಾಯಿತು. 1893ರಲ್ಲಿ ಶಾಶ್ವತವಾಗಿ ನಿಂತಿತು. ಐದು, ಹತ್ತು, ಇಪ್ಪತ್ತು ಡಾಲರುಗಳ ಪ್ರತಿಯೊಂದರಲ್ಲೂ 19 ಇಸವಿಗಳು, ಒಟ್ಟು 57 ಬಗೆ. ಸಿಸಿ ಚಿನ್ನ ಅಂದರೆ ಇಷ್ಟೇ.

ಇನ್ನು ಸವೆತದ ವಿಷಯ. ಕಾಮ್‌ಸ್ಟಾಕ್‌ನ ಗಣಿ ಕೆಲಸಗಾರನಿಗೆ ದಿನಕ್ಕೆ ನಾಲ್ಕು ಡಾಲರ್ ಕೂಲಿ. ಆ ಕಾಲಕ್ಕೆ ಅದು ದೊಡ್ಡ ಕೂಲಿ. ಇಪ್ಪತ್ತು ಡಾಲರ್ ಅಂದರೆ ಅವನ ಐದು ದಿನದ ಬೆವರು. ಅದನ್ನು ಡಬ್ಬಿಯಲ್ಲಿಟ್ಟು ಅಂದ ನೋಡುವವರು ಯಾರು? ಪಶ್ಚಿಮದವರಿಗೆ ಕಾಗದದ ನೋಟಿನ ಮೇಲೆ ನಂಬಿಕೆಯೂ ಇರಲಿಲ್ಲ. ಹಾಗಾಗಿ ಈ ನಾಣ್ಯಗಳು ದಿನಸಿ ಅಂಗಡಿ, ಸಲೂನು, ಜೂಜುಕಟ್ಟೆ, ಬ್ಯಾಂಕಿನ ಗೋಣಿಚೀಲ ಅಂತ ಓಡಾಡಿದವು. ಆಗಿನ ಸಂಗ್ರಾಹಕರು ಹೆಚ್ಚಿನವರು ಪೂರ್ವ ಕರಾವಳಿಯ ಸ್ಥಿತಿವಂತರು. ಅವರು ಇಸವಿ ನೋಡುತ್ತಿದ್ದರೇ ಹೊರತು ಯಾವ ಟಂಕಸಾಲೆಯ ಅಕ್ಷರ ಅಂತ ನೋಡುತ್ತಿರಲಿಲ್ಲ. ಅಕ್ಷರ ನೋಡಿ ಕೂಡಿಡಿ ಅಂತ ವಾದಿಸುವ ಒಂದು ಪುಸ್ತಿಕೆಯನ್ನು ಅಗಸ್ಟಸ್ ಹೀಟನ್ ಅನ್ನುವ ಚಿತ್ರಕಾರ ಹೊರತಂದದ್ದು 1893ರಲ್ಲಿ. ಅದೇ ವರ್ಷ ಕಾರ್ಸನ್ ಸಿಟಿಯ ಅಚ್ಚು ನಿಂತಿತು. ಎಲೆ ಎತ್ತಿದ ಮೇಲೆ ಬಂದ ನೆಂಟರು!

ಅದಕ್ಕೇ ಹೇಳುತ್ತೇನೆ, ನೀವು ನೋಡಿದ ಸವಕಲು ಸಿಸಿ ನಾಣ್ಯ ಕೆಟ್ಟಿದ್ದಲ್ಲ, ಕೆಲಸ ಮಾಡಿದ್ದು. ಇದನ್ನು ಮನೆಯವರಿಗೆ ಹೇಳಿ ನೋಡಿ. ಒಪ್ಪದಿದ್ದರೆ ನನಗೆ ಬರೆಯಬೇಡಿ.

ಪ್ರಶ್ನೆ (ದಾವಣಗೆರೆ): ಆ ‘ಸಿಸಿ’ ನಾಣ್ಯದಲ್ಲಿ ಎಲ್ಲಿರುತ್ತದೆ? ಒಂದೇ ‘ಸಿ’ ಸಾಲದೇ?

ಉತ್ತರ: ಚಿನ್ನದ ನಾಣ್ಯಗಳಲ್ಲಿ ಹಿಂಬದಿಗೆ, ಹದ್ದಿನ ಕೆಳಗೆ. ಒಂದೇ ‘ಸಿ’ ಆಗಲೇ ಖರ್ಚಾಗಿತ್ತು: ನಾರ್ತ್ ಕೆರೊಲಿನಾದ ಷಾರ್ಲಟ್ ಟಂಕಸಾಲೆ 1838ರಿಂದ 1861ರವರೆಗೆ ಅದನ್ನು ಬಳಸಿತ್ತು. ಅಮೆರಿಕದ ನಾಣ್ಯಗಳಲ್ಲಿ ಎರಡಕ್ಷರದ ಟಂಕಸಾಲೆ ಗುರುತು ಇದೊಂದೇ. ಅಚ್ಚುಗಳು ತಯಾರಾಗಿ ಬರುತ್ತಿದ್ದದ್ದು ಫಿಲಡೆಲ್ಫಿಯಾದಿಂದ. ಅಲ್ಲಿ ಈ ಅಕ್ಷರಗಳನ್ನು ಅಚ್ಚಿನೊಳಗೆ ಕೈಯಿಂದಲೇ ಒತ್ತುತ್ತಿದ್ದರು. ಹಾಗಾಗಿ ಒಂದರಲ್ಲಿ ಎರಡು ‘ಸಿ’ಗಳು ಜಗಳವಾಡಿದವರಂತೆ ದೂರ ದೂರ, ಇನ್ನೊಂದರಲ್ಲಿ ಒಂದು ಚೂರು ಮೇಲೆ ಒಂದು ಕೆಳಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರದಲ್ಲಿ ಬೇಕಾಗುತ್ತದೆ.

ಪ್ರಶ್ನೆ (ಮಂಗಳೂರು): ನಮ್ಮ ಮಾವನವರು 1970ರ ದಶಕದಲ್ಲಿ ಕುವೈತ್‌ನಲ್ಲಿದ್ದರು. ಅಲ್ಲಿಂದ ಹತ್ತು ಡಾಲರಿನ ಒಂದು ಚಿನ್ನದ ನಾಣ್ಯ ತಂದಿದ್ದರು. 1882ನೇ ಇಸವಿ, ಹಿಂದೆ ಸಿಸಿ ಇದೆ. ಅತ್ತೆ ಅದಕ್ಕೆ ಕೊಂಡಿ ಹಾಕಿಸಿ ಸರಕ್ಕೆ ಪದಕದ ಹಾಗೆ ಹಾಕಿಕೊಳ್ಳುತ್ತಿದ್ದರು, ಚೌತಿಗೊಮ್ಮೆ ಹುಣಸೆಹುಳಿಯಲ್ಲಿ ತೊಳೆಯುತ್ತಿದ್ದರು. ಈಗ ನನ್ನ ಹತ್ತಿರ ಇದೆ. ಇಲ್ಲಿನ ಚಿನ್ನದಂಗಡಿಯವರು ಉಜ್ಜಿ ನೋಡಿ, ‘ಎರಡು ಪವನಿನ ಮೇಲಿದೆ, ಒಳ್ಳೇ ಚಿನ್ನ, ಅಸಲಿ’ ಎಂದರು. ಇದು ನೀವು ಬರೆದ ನಾಣ್ಯವೇ?

ಉತ್ತರ: ತಾಯೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಈ ಕಂತಿನ ಒಳ್ಳೆಯ ಪ್ರಶ್ನೆ ಇದೇ, ಉತ್ತರ ಮಾತ್ರ ನಿಮಗೆ ಸಿಹಿಯಾಗದೆ ಇರಬಹುದು.

ನಿಮ್ಮ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಚಿನ್ನ ಅಸಲಿ ಆಗುವುದು ಬೇರೆ, ನಾಣ್ಯ ಅಸಲಿ ಆಗುವುದು ಬೇರೆ. ನಕಲಿ ನಾಣ್ಯ ಅಂದ ಕೂಡಲೇ ನಾವು ಹಿತ್ತಾಳೆ, ಗಿಲೀಟು ಅಂದುಕೊಳ್ಳುತ್ತೇವೆ. 1950ರಿಂದ 70ರ ದಶಕಗಳಲ್ಲಿ ಮಧ್ಯಪ್ರಾಚ್ಯದಲ್ಲಿ, ಮುಖ್ಯವಾಗಿ ಲೆಬನಾನ್‌ನಲ್ಲಿ, ಅಮೆರಿಕದ ಹಳೇ ನಾಣ್ಯಗಳ ನಕಲನ್ನು ಸರಿಯಾದ ಚಿನ್ನದಲ್ಲೇ ಅಚ್ಚು ಹಾಕುತ್ತಿದ್ದರು. ನಾಣ್ಯಕ್ಕೆ ಗಟ್ಟಿಗಿಂತ ಬೆಲೆ ಹೆಚ್ಚು ಸಿಗುತ್ತದಲ್ಲ, ಆ ವ್ಯತ್ಯಾಸವೇ ಅವರ ಲಾಭ. ಕೊಲ್ಲಿಯ ಚಿನ್ನದ ಪೇಟೆಗಳಿಗೆ ಅವು ಹರಿದು ಬಂದವು. ಮಾವನವರು ಮೋಸ ಹೋದರು ಅಂತ ನಾನು ಹೇಳುತ್ತಿಲ್ಲ. ಅವರು ಚಿನ್ನಕ್ಕೆ ದುಡ್ಡು ಕೊಟ್ಟರು, ಚಿನ್ನ ಬಂತು. ಆದರೆ ಅಸಲಿಯಾಗಿ 1882ರಲ್ಲಿ ಕಾರ್ಸನ್ ಸಿಟಿಯಲ್ಲಿ ಹತ್ತು ಡಾಲರಿನ ನಾಣ್ಯ ಅಚ್ಚಾದದ್ದೇ 6,764. ಅವುಗಳಲ್ಲಿ ಒಂದು ಕುವೈತ್ ಮುಟ್ಟಿ ಮಂಗಳೂರಿಗೆ ಬರಬಾರದೆಂದೇನಿಲ್ಲ. ಬಂದಿದ್ದರೆ ನಿಮ್ಮ ಪುಣ್ಯ.

ಮನೆಯಲ್ಲೇ ನೋಡಬಹುದಾದದ್ದು ಕೆಲವು. ಮೊದಲು, ಬಣ್ಣ ಮತ್ತು ಕ್ಯಾರೆಟ್ಟು. ಅಮೆರಿಕದ ನಾಣ್ಯ 900, ಅಂದರೆ 21.6 ಕ್ಯಾರೆಟ್. ಯಂತ್ರಕ್ಕೆ ಹಿಡಿದಾಗ ನಮ್ಮ ಒಡವೆಯ ಹಾಗೆ ಸರಿಯಾಗಿ 916 ತೋರಿಸಿದರೆ ಅನುಮಾನ ಪಡಿ. ಆಮೇಲೆ ಅಳತೆ: ಅಡ್ಡಗಲ 27 ಮಿಲಿಮೀಟರ್, ತೂಕ 16.718 ಗ್ರಾಂ. ಕೊಂಡಿ ಇರುವುದರಿಂದ ನಿಮ್ಮದು ಹೆಚ್ಚು ತೂಗುತ್ತದೆ. ಕೊಂಡಿ ಬಿಚ್ಚಿಸಲು ಮಾತ್ರ ಹೋಗಬೇಡಿ, ಬೆಸುಗೆ ಬಿಡಿಸುವಾಗ ಇರುವ ಅಂಚೂ ಹೋಗುತ್ತದೆ. ಕೊಂಡಿಯಿಲ್ಲದ ನಾಣ್ಯವಾದರೆ ನೂಲಿನಲ್ಲಿ ಕಟ್ಟಿ ನೀರಿನೊಳಗೆ ತೂಗಿಬಿಟ್ಟು ತೂಕ ನೋಡಬಹುದು. 900 ಚಿನ್ನದ ಹತ್ತು ಡಾಲರ್ ನೀರಿನಲ್ಲಿ ಸುಮಾರು 0.97 ಗ್ರಾಂ ಹಗುರಾಗಬೇಕು. ಇದು ಚಿನ್ನದ ಪರೀಕ್ಷೆ ಅಷ್ಟೆ. ಲೆಬನಾನಿನ ನಾಣ್ಯವೂ ಇದರಲ್ಲಿ ಪಾಸಾಗುತ್ತದೆ.

ನಾಣ್ಯದ ಪರೀಕ್ಷೆ ಕಣ್ಣಿನದು. ಹತ್ತು ಪಟ್ಟು ದೊಡ್ಡದು ಮಾಡುವ, ವಾಚು ರಿಪೇರಿಯವರ ಬಳಿ ಇರುತ್ತದಲ್ಲ, ಆ ಭೂತಗನ್ನಡಿ ಹಿಡಿದು ಸಿಸಿ ಅಕ್ಷರಗಳ ಬುಡ ನೋಡಿ. ಫಿಲಡೆಲ್ಫಿಯಾದ ಆ ಕಾಲದ ನಾಣ್ಯಗಳಿಗೆ ಅಕ್ಷರವೇ ಇರುತ್ತಿರಲಿಲ್ಲ. ಅಂಥ ಅಗ್ಗದ ನಾಣ್ಯಕ್ಕೆ ಎರಡು ‘ಸಿ’ ಅಂಟಿಸಿ ಮಾರುವುದು ಹಳೇ ಕಸುಬು. ಅಂಟಿಸಿದ್ದರೆ ಬುಡದಲ್ಲಿ ಕೂದಲೆಳೆಯ ಗೆರೆ ಕಾಣುತ್ತದೆ. ಆಗ ಹೇಳಿದೆನಲ್ಲ, ಅಕ್ಷರಗಳ ನಡುವಿನ ಅಂತರ, ಎತ್ತರ: 1882ರ ಅಸಲಿ ನಾಣ್ಯದ ಚಿತ್ರದೊಂದಿಗೆ ಅದನ್ನು ಹೋಲಿಸಿ. ಕೊನೆಗೆ, ಬಯಲು ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿವೆಯೇ, ಮುಂಬದಿಯ ಲಿಬರ್ಟಿ ದೇವಿಯ ಕುತ್ತಿಗೆಯ ಹತ್ತಿರ, ಅಂಚಿನ ಹಲ್ಲುಗಳ ಹತ್ತಿರ ಉಬ್ಬಿದ ಗೀರುಗಳಿವೆಯೇ ನೋಡಿ. ಓಡಾಡಿದ ನಾಣ್ಯದ ಗಾಯ ತಗ್ಗಾಗಿರುತ್ತದೆ. ಗೀರು ಉಬ್ಬಿದ್ದರೆ ಅದು ಅಚ್ಚಿನಲ್ಲೇ ಇದ್ದ ದೋಷ, ಅಂದರೆ ಅಚ್ಚು ಮಾಡಿದವನ ಕೈಗುಣ.

ಹುಣಸೆಹುಳಿಯ ವಿಷಯ ಹೇಳದಿದ್ದರೆ ಆಗದು. ಹುಳಿ ಚಿನ್ನಕ್ಕೆ ಏನೂ ಮಾಡುವುದಿಲ್ಲ, ಮೇಲ್ಮೈಯಲ್ಲಿ ಕಪ್ಪಿಟ್ಟ ತಾಮ್ರವನ್ನು ತಿನ್ನುತ್ತದೆ. ಹತ್ತರಲ್ಲೊಂದು ಪಾಲು ತಾಮ್ರ ಇರುವುದರಿಂದಲೇ ಈ ನಾಣ್ಯಗಳಿಗೆ ಒಂದು ಕೆಂಪು ಛಾಯೆ ಬರುವುದು. ನೂರು ವರ್ಷ ಕೂತ ಆ ಬಣ್ಣವೇ ಸಂಗ್ರಾಹಕನಿಗೆ ಬೇಕಾದದ್ದು. ಅತ್ತೆಯವರ ಚೌತಿಯ ಹೊಳಪು ಒಡವೆಗೆ ಭೂಷಣ, ನಾಣ್ಯಕ್ಕೆ ನಷ್ಟ. ಒರೆಗಲ್ಲಿಗೆ ಉಜ್ಜಿದ್ದೂ ಹಾಗೆಯೇ. ಆದರೂ ಒಂದು ಮಾತು: ಅದು ನಾಣ್ಯವೇ ಆಗಲಿ, ಲೆಬನಾನಿನದೇ ಆಗಲಿ, ಅತ್ತೆಯ ಪದಕವಂತೂ ಅಸಲಿಯೇ. ಮಾರುವ ಯೋಚನೆ ಇಲ್ಲದಿದ್ದರೆ ಪರೀಕ್ಷೆಗೆ ಓಡಾಡುವ ಅಗತ್ಯವೂ ಇಲ್ಲ.

ಪ್ರಶ್ನೆ (ಆಸ್ಟಿನ್, ಟೆಕ್ಸಸ್): ಅಂಕಲ್, ಶುರು ಮಾಡಬೇಕು ಅಂತಿದ್ದೇನೆ. ಮೊದಲ ಸಿಸಿ ನಾಣ್ಯ ಯಾವುದು ಕೊಳ್ಳಲಿ? ಆನ್‌ಲೈನ್‌ನಲ್ಲಿ ಫಳಫಳ ಹೊಳೆಯುವ ಒಂದು ನೋಡಿಟ್ಟಿದ್ದೇನೆ, ರೇಟೂ ಕಡಿಮೆ.

ಉತ್ತರ: ಬೇಡ. ಆ ಫಳಫಳ ನನಗೂ ಒಮ್ಮೆ ಕಂಡಿತ್ತು.

ಮೊದಲ ಸಲ ಅಮೆರಿಕಕ್ಕೆ ಬಂದಾಗ ಒಂದು ಮೇಳದಲ್ಲಿ 1892ರ ಸಿಸಿ ಐದು ಡಾಲರ್ ಕೊಂಡೆ. ಹಣೆಯ ಮೇಲಿನ ಕೂದಲು ಸವೆದಿದೆ, ಬಯಲು ಭಾಗ ಮಾತ್ರ ಕನ್ನಡಿ! ಸವೆದ ನಾಣ್ಯಕ್ಕೆ ಕನ್ನಡಿ ಎಲ್ಲಿಂದ ಬರಬೇಕು ಅಂತ ಹನ್ನೊಂದು ವರ್ಷ ಬಂಗಾರ ನೋಡಿದವನಿಗೆ ಹೊಳೆಯಲಿಲ್ಲ ನೋಡಿ. ಮಗ ಅದನ್ನು ಗ್ರೇಡಿಂಗಿಗೆ, ಅಂದರೆ ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಕಂಪನಿಗೆ ಕಳಿಸಿದ. ‘ಅಸಲಿ, ಆದರೆ ತಿಕ್ಕಿ ತೊಳೆದದ್ದು’ ಅಂತ ಬರೆದು, ಅಂಕ ಕೊಡದೆ ವಾಪಸು ಬಂತು. ಮಾರಿದವರನ್ನು ಕೇಳಿದರೆ, ‘ನೀವೇ ನೋಡಿ ತಗೊಂಡ್ರಲ್ಲ’ ಅಂದರು. ನಿಜವೇ. ಸುಮಾರು ಮೂರನೇ ಒಂದು ಪಾಲು ನಷ್ಟಕ್ಕೆ ಕೊಟ್ಟು ಕೈತೊಳೆದುಕೊಂಡೆ. ಹೆಂಡತಿಗೆ ಈ ಅಂಕಣದಿಂದಲೇ ಗೊತ್ತಾಗಬೇಕು.

ಈಗ ಉಪದೇಶ. ಐದು ಡಾಲರಿನ ‘ಹಾಫ್ ಈಗಲ್’ ನೋಡಿ: 8.359 ಗ್ರಾಂ, ನಮ್ಮ ಕರಾವಳಿಯವರ ಒಂದು ಪವನಿಗಿಂತ ಚೂರು ಜಾಸ್ತಿ. ಅದರಲ್ಲಿ 1891ನೇ ಇಸವಿಯದು ಹಿಡಿಯಿರಿ. ಆ ವರ್ಷ 2,08,000 ಅಚ್ಚಾದವು, ಸಿಸಿ ಚಿನ್ನದಲ್ಲೇ ಅತಿ ಹೆಚ್ಚು. ಹತ್ತು ಡಾಲರಿನಲ್ಲೂ 1891ರದೇ ಸುಲಭ, 1,03,732. ಇಪ್ಪತ್ತು ಡಾಲರೇ ಬೇಕು ಅನ್ನುವ ಹಟವಿದ್ದರೆ 1874, 1875, 1876, 1890 ಈ ನಾಲ್ಕರಲ್ಲಿ ಒಂದು. ಆದರೆ ಎಚ್ಚರ, ಅದೇ 1891ರಲ್ಲಿ ಇಪ್ಪತ್ತು ಡಾಲರ್ ಬರೀ 5,000 ಅಚ್ಚಾಗಿವೆ. ಐದರಲ್ಲಿ ಸಸ್ತಾ ಆದ ಇಸವಿ ಇಪ್ಪತ್ತರಲ್ಲಿ ಬೆವರಿಳಿಸುತ್ತದೆ. ಇಸವಿಯನ್ನು ಮುಖಬೆಲೆಯ ಜೊತೆ ಸೇರಿಸಿಯೇ ಓದಬೇಕು.

ಗ್ರೇಡಿಂಗ್ ಆಗಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿದ್ದನ್ನೇ ಕೊಳ್ಳಿ. ಪಿಸಿಜಿಎಸ್ ಅನ್ನುವ ಕಂಪನಿ 1986ರಲ್ಲಿ, ಎನ್‌ಜಿಸಿ ಅನ್ನುವುದು 1987ರಲ್ಲಿ ಈ ಕೆಲಸ ಶುರುಮಾಡಿದವು. ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುತ್ತಾರೆ. ನಮ್ಮವರಿಗೆ ಅಂಕದ ಹುಚ್ಚು ಜಾಸ್ತಿ, ಎಸ್ಸೆಸ್ಸೆಲ್ಸಿಯಿಂದ ಅಂಟಿದ ರೋಗ. ಸಿಸಿ ಚಿನ್ನದಲ್ಲಿ ನಲವತ್ತು, ನಲವತ್ತೈದು ಅಂಕದ, ಮುಟ್ಟಿ ಮುಟ್ಟಿ ಸವೆದ, ಆದರೆ ಯಾರೂ ತಿಕ್ಕದ ನಾಣ್ಯ ಸಿಕ್ಕರೆ ಅದರ ಮುಂದೆ ಕೃತಕವಾಗಿ ಮಿನುಗುವ ಅರವತ್ತು ಏನೂ ಅಲ್ಲ. ಬಣ್ಣ ಎಲ್ಲ ಕಡೆ ಒಂದೇ ಸಮ ಇದೆಯೇ, ಸವೆತ ಎತ್ತರದ ಜಾಗದಲ್ಲಿ ಶುರುವಾಗಿ ತಗ್ಗಿಗೆ ಇಳಿದಿದೆಯೇ, ಅಷ್ಟು ನೋಡಿ. ಬಯಲಿನಲ್ಲಿ ಗೀರುಗಳಿದ್ದರೆ ಗಾಬರಿಯಾಗಬೇಡಿ. ಮೆತ್ತನೆಯ ಲೋಹ, ಚೀಲದಲ್ಲಿ ಒಂದಕ್ಕೊಂದು ತಾಗಿರುತ್ತವೆ.

ಪ್ರಶ್ನೆ (ಮೈಸೂರಿನ ಕಾಲೇಜು ವಿದ್ಯಾರ್ಥಿ): ಇದರಲ್ಲಿ ಅತಿ ಅಪರೂಪದ್ದು ಯಾವುದು?

ಉತ್ತರ: ಹೆಸರು ಮಾಡಿರುವುದು ಮೊದಲ ವರ್ಷದ, ಅಂದರೆ 1870ರ ಇಪ್ಪತ್ತು ಡಾಲರ್. ಅಚ್ಚಾದದ್ದು 3,789. ಉಳಿದಿರುವುದು ಕೆಲವೇ ಹತ್ತುಗಳು. ಹೊಸದಾಗಿ, ಕೈ ಸೋಕದೆ ಉಳಿದದ್ದು ಒಂದೂ ಕಂಡಿಲ್ಲ. ಎಲ್ಲವೂ ಸವಕಲು, ಎಲ್ಲಕ್ಕೂ ಮೈತುಂಬ ಗಾಯ, ಹರಾಜಿಗೆ ಬಂದರೆ ಲಕ್ಷಗಟ್ಟಲೆ ಡಾಲರ್. ಬರೀ ಅಚ್ಚಿನ ಸಂಖ್ಯೆ ನೋಡಿದರೆ ಇದಕ್ಕಿಂತ ಕಡಿಮೆಯವೂ ಇವೆ: 1879ರ ಹತ್ತು ಡಾಲರ್ 1,762 ಮಾತ್ರ. ಆದರೂ ಎಲ್ಲರ ಬಾಯಲ್ಲಿ 1870ರ ಇಪ್ಪತ್ತೇ. ದೊಡ್ಡ ನಾಣ್ಯ, ಮೊದಲ ವರ್ಷ. ಮನುಷ್ಯರ ಆಸೆಗೆ ಅಷ್ಟು ಸಾಕು.

ಪ್ರಶ್ನೆ (ಜಯನಗರ, ಬೆಂಗಳೂರು): 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಜನರ ಬಳಿಯ ಚಿನ್ನವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಲು ಹೇಳಿದರು ಅಂತ ಓದಿದ್ದೇನೆ. ಹಾಗಾದರೆ ಈ ನಾಣ್ಯಗಳು ಕರಗದೆ ಹೇಗೆ ಉಳಿದವು?

ಉತ್ತರ: ನಮ್ಮ ಪೀಳಿಗೆಯವರಿಗೆ ಇದು ಬೇಗ ಅರ್ಥವಾಗುತ್ತದೆ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಬಂದಾಗ ನನಗೆ ಏಳೆಂಟು ವರ್ಷ. 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡುವಂತಿಲ್ಲ ಅಂದರು. ನಮ್ಮ ಓಣಿಯ ಅಕ್ಕಸಾಲಿಗರು ಊದುಗೊಳವೆ ಇಟ್ಟು ಬೀಡಿ ಕಟ್ಟಲು ಕೂತದ್ದು ನೆನಪಿದೆ. 1968ರ ಕಾಯ್ದೆ 1990ರವರೆಗೆ ಇತ್ತು. ಅಷ್ಟು ವರ್ಷದಲ್ಲಿ ಮನೆಗಳಲ್ಲಿದ್ದ ಚಿನ್ನ ಎಲ್ಲಿಗೂ ಹೋಗಲಿಲ್ಲ, ಅಕ್ಕಿ ಡಬ್ಬದೊಳಗೆ ಇಳಿಯಿತು.

ಅಮೆರಿಕದಲ್ಲಿ 1933ರ ಏಪ್ರಿಲ್ 5ರ ಆಜ್ಞೆ. ಔನ್ಸಿಗೆ 20.67 ಡಾಲರಿನಂತೆ ಪಡೆದ ಚಿನ್ನಕ್ಕೆ ಮರುವರ್ಷ ಸರ್ಕಾರವೇ 35 ಡಾಲರ್ ಬೆಲೆ ಕಟ್ಟಿತು. ಲಾಭ ಯಾರಿಗೆ ಅಂತ ನೀವೇ ಹೇಳಿ. ನಾಣ್ಯಗಳು ರಾಶಿರಾಶಿ ಕರಗಿ ಗಟ್ಟಿಗಳಾದವು. ಆದರೆ ಆಜ್ಞೆಯಲ್ಲೇ ಒಂದು ಕಿಂಡಿ ಇತ್ತು: ಸಂಗ್ರಾಹಕರಿಗೆ ವಿಶೇಷ ಬೆಲೆಯುಳ್ಳ ಅಪರೂಪದ ನಾಣ್ಯಗಳಿಗೆ ವಿನಾಯಿತಿ. ಅದರಿಂದ ಕೆಲವು ಉಳಿದವು. ಇನ್ನೂ ಹೆಚ್ಚು ಉಳಿದದ್ದು ಊರು ಬಿಟ್ಟು ಹೋಗಿದ್ದರಿಂದ. ಇಪ್ಪತ್ತು ಡಾಲರಿನ ನಾಣ್ಯ ದೇಶ ದೇಶಗಳ ನಡುವಿನ ವ್ಯಾಪಾರದ ಬಾಕಿ ತೀರಿಸುವುದಕ್ಕೆ ಅನುಕೂಲ. ಚೀಲಗಟ್ಟಲೆ ಯುರೋಪಿಗೆ, ದಕ್ಷಿಣ ಅಮೆರಿಕಕ್ಕೆ ಹೋಗಿ ಅಲ್ಲಿನ ಬ್ಯಾಂಕುಗಳ ನೆಲಮಾಳಿಗೆಯಲ್ಲಿ ಕೂತಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಡೀಲರುಗಳು ಅಲ್ಲಿ ಹೋಗಿ ಚೀಲ ಸುರುವಿ ಸಿಸಿ ಹೆಕ್ಕಿದರು. ಈಗ ಮಾರುಕಟ್ಟೆಯಲ್ಲಿರುವ ಎಷ್ಟೋ ಇಪ್ಪತ್ತು ಡಾಲರುಗಳು ಹಾಗೆ ತಿರುಗಿ ತವರಿಗೆ ಬಂದವು. ಸಾಮಾನ್ಯ ಅಮೆರಿಕನ್ನರಿಗೆ ಚಿನ್ನ ಇಟ್ಟುಕೊಳ್ಳುವ ಹಕ್ಕು ಪೂರ್ತಿ ಮರಳಿದ್ದು 1974ರ ಕೊನೆಯ ದಿನ.

ಪ್ರಶ್ನೆ (ಸ್ಯಾನ್ ಹೋಸೆ): ನನ್ನ 1875ರ ಸಿಸಿ ನಾಣ್ಯವನ್ನು ಅಪ್ಪನ ಸಹಸ್ರ ಚಂದ್ರ ದರ್ಶನಕ್ಕೆ ಬರುವಾಗ ತಂದು ತೋರಿಸಿ ವಾಪಸು ಒಯ್ಯಬಹುದೇ?

ಉತ್ತರ: ಫೋಟೋ ತನ್ನಿ. ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ ತರಲು ಬಿಡುವುದು ಒಡವೆಗೆ. ನಾಣ್ಯ ಅದರಲ್ಲಿ ಸೇರುವುದಿಲ್ಲ, ಘೋಷಿಸಲೇಬೇಕು. ತರುವುದಕ್ಕಿಂತ ಒಯ್ಯುವುದೇ ಕಷ್ಟ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯವನ್ನು ಪ್ರಾಚ್ಯವಸ್ತು ಅನ್ನುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಮ್ಮ ನೂರೈವತ್ತು ವರ್ಷದ ನಾಣ್ಯದ ಮೇಲೆ ‘ನೆವಾಡಾ’ ಅಂತಲೂ ಬರೆದಿಲ್ಲ. ವಿಮಾನ ನಿಲ್ದಾಣದಲ್ಲಿ ನಡುರಾತ್ರಿ ಎರಡು ಗಂಟೆಗೆ ‘ಸಿಸಿ ಅಂದ್ರೆ ಕಾರ್ಸನ್ ಸಿಟಿ ಸರ್’ ಅಂತ ಅಧಿಕಾರಿಗೆ ಪಾಠ ಮಾಡುವುದು ಬೇಕೇ? ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ (ಕೆಜಿಎಫ್): ಕಾಮ್‌ಸ್ಟಾಕ್ ಪಕ್ಕ ಟಂಕಸಾಲೆ ಕಟ್ಟಿದರು. ನಮ್ಮ ಕೋಲಾರದ ಚಿನ್ನಕ್ಕೆ ಯಾಕೆ ಒಂದು ಗುರುತೂ ಇಲ್ಲ?

ಉತ್ತರ: ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದದ್ದು 1880ರಲ್ಲಿ. ಮೈಸೂರು ಸಂಸ್ಥಾನದ ಸ್ವಂತ ಟಂಕಸಾಲೆ 1843ರಲ್ಲೇ ಮುಚ್ಚಿತ್ತು. ನಾಣ್ಯ ಹೊಡೆಯುವ ಅಧಿಕಾರ ಬ್ರಿಟಿಷರದು, ಕೋಲಾರದ ಗಟ್ಟಿಗಳು ಊರಿನ ಹೆಸರಿಲ್ಲದೆ ಹೊರಟುಹೋದವು. ಭಾರತದಲ್ಲಿ ಅಚ್ಚಾದ ಬ್ರಿಟಿಷ್ ಪವನು, ಅಂದರೆ ಸಾವರಿನ್ ನಾಣ್ಯ, ಬೇಕೆಂದರೆ 1918ನೇ ಇಸವಿಯದು ಹುಡುಕಿ, ಮುಂಬೈಯಲ್ಲಿ ಹೊಡೆದದ್ದು, ಇಸವಿಯ ಮೇಲೆ ಸಣ್ಣ ‘ಐ’ ಅಕ್ಷರ ಇರುತ್ತದೆ. ಅಲ್ಲಿ ಕೋಲಾರದ ‘ಕೆ’ ಇದ್ದಿದ್ದರೆ ಅನ್ನುವ ನಿಮ್ಮ ಸಂಕಟ ನನ್ನದೂ ಹೌದು.

ಪ್ರಶ್ನೆ (ಶಿವಮೊಗ್ಗ): ಮುಂದಿನ ವರ್ಷ ಮಗಳ ಮನೆಗೆ ರೀನೋಗೆ ಹೋಗುತ್ತಿದ್ದೇವೆ. ಆ ಟಂಕಸಾಲೆಯಲ್ಲಿ ನೋಡುವಂಥದ್ದು ಏನಿದೆ? ಇನ್ನೊಂದು ಕೇಳಲೇ, ನಿಮ್ಮ ಹತ್ತಿರ ಎಷ್ಟು ಸಿಸಿ ನಾಣ್ಯ ಇವೆ?

ಉತ್ತರ: ಖಂಡಿತ ಹೋಗಿ, ರೀನೋದಿಂದ ಅರ್ಧ ಮುಕ್ಕಾಲು ಗಂಟೆ. ಕಟ್ಟಡ ಈಗ ನೆವಾಡಾ ರಾಜ್ಯದ ವಸ್ತುಸಂಗ್ರಹಾಲಯ, 1941ರಿಂದ. ಗೋಡೆಯ ಮರಳುಗಲ್ಲು ಅಲ್ಲಿನ ಜೈಲಿನ ಕಲ್ಲುಗಣಿಯದು. ಊರನ್ನೂ ಕಟ್ಟಿ, ಟಂಕಸಾಲೆಗೂ ಓಡಾಡಿ, ಅದರ ಮೊದಲ ಮುಖ್ಯಸ್ಥನೂ ಆದ ಏಬ್ರಹಾಂ ಕರಿ 1873ರಲ್ಲಿ ಸತ್ತಾಗ ಜೇಬಿನಲ್ಲಿ ಒಂದೇ ಡಾಲರ್ ಇತ್ತು ಅಂತ ಅಲ್ಲಿನವರು ಕಥೆ ಹೇಳುತ್ತಾರೆ.

ನನಗೆ ಇಷ್ಟವಾದದ್ದು ಒಂದನೇ ನಂಬರಿನ ಅಚ್ಚುಯಂತ್ರ. ಫಿಲಡೆಲ್ಫಿಯಾದ ಮಾರ್ಗನ್ ಮತ್ತು ಆರ್ ಕಂಪನಿಯದು, ಸುಮಾರು ಆರು ಟನ್. 1870ರ ಮೊದಲ ನಾಣ್ಯ ಬಿದ್ದದ್ದು ಅದರಿಂದಲೇ. 1878ರಲ್ಲಿ ಅದರ ಚೌಕಟ್ಟು ಬಿರುಕು ಬಿಟ್ಟಿತು. ಫಿಲಡೆಲ್ಫಿಯಾಕ್ಕೆ ಯಾರು ಒಯ್ಯುತ್ತಾರೆ? ಪಕ್ಕದ ವರ್ಜೀನಿಯಾ ಆ್ಯಂಡ್ ಟ್ರಕಿ ರೈಲ್ವೆ ವರ್ಕ್‌ಶಾಪಿನವರು ಸರಿಮಾಡಿಕೊಟ್ಟರು. ಮಾಡಿದ್ದಕ್ಕೆ ಮೂಲ ಕಂಪನಿಯ ಫಲಕ ತೆಗೆದು ತಮ್ಮ ರೈಲ್ವೆಯ ಹಿತ್ತಾಳೆ ಫಲಕ ಬಡಿದರು! ಅದು ಇನ್ನೂ ಅಲ್ಲೇ ಇದೆ. ಚಿಲ್ಲರೆಯ ಅಭಾವ ಬಂದಾಗ 1964ರಲ್ಲಿ ಡೆನ್ವರ್ ಟಂಕಸಾಲೆ ಈ ಮುದುಕನನ್ನು ಕರೆಸಿಕೊಂಡು ದುಡಿಸಿತು. ಈಗಲೂ ಕೆಲವು ದಿನ ಅದರಲ್ಲಿ ಸಂಗ್ರಹಾಲಯದ ಪದಕಗಳನ್ನು ಒತ್ತುತ್ತಾರೆ. ಯಾವ ದಿನ ಅಂತ ಮಗಳಿಗೆ ಹೇಳಿ ಮೊದಲೇ ವಿಚಾರಿಸಿಕೊಳ್ಳಿ. ಒತ್ತುವ ಶಬ್ದ ನೆಲದಿಂದ ಕಾಲಿಗೆ ಬರುತ್ತದೆ.

ನನ್ನ ಹತ್ತಿರ ಇರುವುದು ಒಂದೇ. 1891ರ ಐದು ಡಾಲರ್, ಆ ಕನ್ನಡಿ ನಾಣ್ಯ ಮಾರಿದ ಮೇಲೆ ಕೊಂಡದ್ದು. ಅದು ಮಗನ ಮನೆಯಲ್ಲೇ ಇದೆ. ಪೆಟ್ಟಿಗೆಗೆ ಮುಚ್ಚಿಸುವ ಮೊದಲು ಹಳೇ ಚಟಕ್ಕೆ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಇಟ್ಟು ನೋಡಿದೆ. 8.359 ಇರಬೇಕಾದದ್ದು 8.29 ಬಂತು. ನಮ್ಮ ಸರಾಫರಾಗಿದ್ದರೆ ಏಳು ಸೆಂಟಿಗ್ರಾಂ ಕಮ್ಮಿ ಅಂತ ಬರೆದುಕೊಳ್ಳುತ್ತಿದ್ದರು. ಆ ಏಳು ಸೆಂಟಿಗ್ರಾಂ ನೆವಾಡಾದಲ್ಲಿ ಯಾವ ಯಾವ ಜೇಬಿಗೆ, ಯಾವ ಯಾವ ಗಲ್ಲಾಪೆಟ್ಟಿಗೆಗೆ ಅಂಟಿಕೊಂಡು ಹೋಯಿತೋ ಅಂತ ನಾನು ಆ ಹೊತ್ತು ಚಹಾ ಆರಿಸಿಕೊಂಡು ಕೂತಿದ್ದೆ.